ನರಹುಲಿಗೆ ಜೀವಸತ್ವದ ಸೂಜಿಮದ್ದು



ಬೆರಳ ಸಂದಿನಲ್ಲಿ, ಉಗುರಿನ ಪಕ್ಕದಲ್ಲಿ, ಅಂಗೈಯಲ್ಲಿ, ಅಂಗಾಲಿನಲ್ಲಿ ಏಳುವ ನರಹುಲಿಯನ್ನು ನೀವೆಲ್ಲ ನೋಡಿಯೇ ಇದ್ದೀರಿ. ನರುಳ್ಳಿ ಅಂತಲೂ ಕೆಲವು ಕಡೆ ಕರೆಯುತ್ತಾರೆ. ಮೊದಲು ಸಾಸಿವೆ ಕಾಳಿನಷ್ಟು, ಆಮೇಲೆ ಕಡಲೆಯಷ್ಟು. ಮೇಲ್ಭಾಗ ಹೂಕೋಸಿನ ಹಾಗೆ ಒರಟು. ಇದೇನು ಮಹಾ ರೋಗವೇ ಎಂದು ನೀವು ಕೇಳಬಹುದು. ಪ್ರಾಣಕ್ಕೆ ಎರವಾಗುವ ರೋಗ ಇದಲ್ಲ, ನಿಜ. ಆದರೆ ಕುಡುಗೋಲು ಹಿಡಿಯುವ ಅಂಗೈಯಲ್ಲಿ ಎರಡು ಎದ್ದರೆ ಕೊಯ್ಲಿನ ದಿನ ಅದರ ಉಪದ್ರವ ಗೊತ್ತಾಗುತ್ತದೆ. ಅಂಗಾಲಿನಲ್ಲಿ ಎದ್ದರಂತೂ ಚಪ್ಪಲಿಯೊಳಗೆ ಹರಳು ಸಿಕ್ಕಿಕೊಂಡ ಹಾಗೆ. ಹೆಜ್ಜೆ ಇಟ್ಟಾಗಲೆಲ್ಲ ಒತ್ತುತ್ತದೆ, ನೋಯುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ‘ವಿಟಮಿನ್ ಇಂಜೆಕ್ಷನ್’ ಬಂದಿದೆಯಂತೆ ಎಂಬ ಮಾತು ಹಳ್ಳಿಗಳಲ್ಲಿಯೂ ಹಬ್ಬಿದೆ. ಮಾತು ಸುಳ್ಳಲ್ಲ. ಆದರೆ ಅರ್ಧ ಕೇಳಿಕೊಂಡು ಓಡಿದರೆ ಗುಣಕ್ಕಿಂತ ಕೇಡೇ ಹೆಚ್ಚಾದೀತು. ಏಕೆಂದರೆ ಜೀವಸತ್ವ ಎಂದ ಕೂಡಲೆ ನಮ್ಮ ಜನಕ್ಕೆ ನೆನಪಾಗುವುದು ಶಕ್ತಿಯ ಸೂಜಿ: ತೋಳಿಗೋ ಸೊಂಟಕ್ಕೋ ಒಂದು ಚುಚ್ಚಿಸಿಕೊಂಡರೆ ಮೈಗೆ ಬಲ, ಬಾರದಿದ್ದರೆ ನಷ್ಟವೇನೂ ಇಲ್ಲ ಎಂಬ ಭಾವನೆ. ನರಹುಲಿಯ ಸೂಜಿ ಆ ಜಾತಿಯದಲ್ಲ. ಅದನ್ನು ಹಾಕುವ ಜಾಗ ಬೇರೆ, ಮಾಡುವ ಕೆಲಸ ಬೇರೆ, ಅಳತೆ ಮೀರಿದರೆ ಆಗುವ ಹಾನಿಯೂ ಬೇರೆ. ಇದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನರಹುಲಿ ಎಂದರೆ ಏನು ಎಂಬುದನ್ನು ತಿಳಿಯೋಣ. ಅದು ನರವೂ ಅಲ್ಲ, ಹುಲಿಯೂ ಅಲ್ಲ! ಕೆಟ್ಟ ರಕ್ತದಿಂದ ಬಂದದ್ದಲ್ಲ, ಯಾರ ಶಾಪವೂ ಅಲ್ಲ. ವೈರಸ್ ಎಂಬ ಅತಿ ಸೂಕ್ಷ್ಮ ರೋಗಾಣು ಚರ್ಮದ ಮೇಲ್ಪದರಕ್ಕೆ ಹೊಕ್ಕು, ಅಲ್ಲಿನ ಕಣಗಳು ಮಿತಿಮೀರಿ ಬೆಳೆಯುವಂತೆ ಮಾಡುವುದರಿಂದ ಏಳುವ ಗಂಟು ಅದು. 1907ರಲ್ಲಿ ಇಟಲಿ ದೇಶದ ಚುಫ್ಫೊ ಎಂಬ ವೈದ್ಯರು ಇದನ್ನು ತೋರಿಸಿಕೊಟ್ಟರು. ನರಹುಲಿಯನ್ನು ಅರೆದು, ಸಾಮಾನ್ಯ ರೋಗಾಣುಗಳು ದಾಟಲಾರದಷ್ಟು ಸಣ್ಣ ಸೋಸಣಿಗೆಯಲ್ಲಿ ಸೋಸಿ, ಆ ತಿಳಿಯನ್ನು ತಮ್ಮ ಕೈಯ ಚರ್ಮಕ್ಕೇ ಸೇರಿಸಿಕೊಂಡರು. ಕೆಲವು ತಿಂಗಳ ಮೇಲೆ ಅಲ್ಲೇ ನರಹುಲಿ ಎದ್ದಿತು. ಮನುಷ್ಯರಿಗೆ ನರಹುಲಿ ತರುವ ಈ ವೈರಸ್ಸಿನಲ್ಲಿ ಒಳಜಾತಿಗಳು ಅನೇಕ ಇವೆ. ಕೈಗೆ ಹಿಡಿಯುವವು ಕೆಲವು, ಅಂಗಾಲಿಗೆ ಹಿಡಿಯುವವು ಕೆಲವು.

ನರಹುಲಿಗೆ ಬೇರು ಇದೆ, ಬೇರು ಕಿತ್ತರೆ ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಇದಕ್ಕೆ ಬೇರಿಲ್ಲ. ಮೇಲ್ಭಾಗ ಸವೆಸಿದಾಗ ಕಾಣುವ ಕಪ್ಪು ಚುಕ್ಕೆಗಳು ಬೇರಿನ ತುದಿಗಳಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು. ಬ್ಲೇಡಿನಿಂದ ಆಳಕ್ಕೆ ಕೊಯ್ದರೆ ಗಾಯವಾಗುತ್ತದೆ, ಆ ಗಾಯದ ಅಂಚಿಗೇ ವೈರಸ್ ಸೇರಿ ಒಂದಿದ್ದದ್ದು ನಾಲ್ಕಾಗುತ್ತದೆ. ಕುದುರೆ ಬಾಲದ ಕೂದಲು ಕಟ್ಟುವುದು, ಸುಣ್ಣ ಸೋಡಾ ಕಲಸಿ ಹಚ್ಚುವುದು, ಗೇರುಕಾಯಿ ರಸ ಬಿಡುವುದು, ಉರಿಯುವ ಊದಿನಕಡ್ಡಿಯಿಂದ ಸುಡುವುದು, ಇವೆಲ್ಲ ನಮ್ಮಲ್ಲಿ ಉಂಟು. ಸುಟ್ಟ ಗಾಯ ಕೀವಾಗಿ ತಿಂಗಳುಗಟ್ಟಲೆ ಕೆಲಸ ಬಿಟ್ಟು ಕೂತವರೂ ಉಂಟು. ಸಕ್ಕರೆ ಕಾಯಿಲೆ ಇರುವವರು ಕಾಲಿನ ಮೇಲೆ ಇಂಥ ಪ್ರಯೋಗ ಮಾಡಲೇಬಾರದು. ಅವರಿಗೆ ಕಾಲಿನ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ. ನರಹುಲಿ ತೆಗೆಯಲು ಹೋಗಿ ಬೆರಳು ಕಳೆದುಕೊಳ್ಳುವ ದಾರಿ ಅದು.

ಇನ್ನೊಂದು ಸಂಗತಿ ಸರಿಯಾಗಿ ಗಮನಿಸಿ. ನರಹುಲಿ ಎಷ್ಟೋ ಸಲ ಏನೂ ಮಾಡದೆಯೇ ಹೋಗುತ್ತದೆ. 1963ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಲೆಕ್ಕದಲ್ಲಿ, ಔಷಧಿ ಇಲ್ಲದೆ ಬಿಟ್ಟ ಮಕ್ಕಳ ನರಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಉದುರಿದ್ದವು. ದೊಡ್ಡವರಲ್ಲಿ ಇಷ್ಟು ಬೇಗ ಹೋಗುವುದಿಲ್ಲ, ಆದರೂ ಹೋಗುವುದುಂಟು. ಆದ್ದರಿಂದಲೇ ಎಕ್ಕದ ಹಾಲಿಗೂ ಹೆಸರು ಬಂತು, ದೇವರ ಕೊಳಕ್ಕೆ ಉಪ್ಪು ಮೆಣಸು ಹಾಕುವ ಹರಕೆಗೂ ಹೆಸರು ಬಂತು. ಹರಕೆ ಹೊತ್ತ ಮೇಲೆ ಬಿದ್ದುಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬೀಳುವ ಕಾಲಕ್ಕೆ ಹರಕೆ ಹೊತ್ತಿದ್ದರು, ಅಷ್ಟೆ. ಸೂಜಿಮದ್ದನ್ನು ಅಳೆಯುವಾಗಲೂ ಈ ಮಾತು ನಮ್ಮ ನೆನಪಿನಲ್ಲಿರಬೇಕು.

ಹಾಗಿದ್ದರೆ ಕೆಲವರಲ್ಲಿ ಹೋಗುವುದು, ಕೆಲವರಲ್ಲಿ ವರ್ಷಾನುಗಟ್ಟಲೆ ನಿಲ್ಲುವುದು ಏಕೆ? ನಮ್ಮ ಮೈಯೊಳಗೆ ರೋಗವನ್ನು ಎದುರಿಸುವ ಕಾವಲು ಪಡೆಯೊಂದಿದೆ. ಅದರ ಓಡಾಟ ಹೆಚ್ಚಾಗಿ ರಕ್ತ ಹರಿಯುವ ಕಡೆ. ನರಹುಲಿಯ ವೈರಸ್ಸಾದರೋ ರಕ್ತಕ್ಕೆ ಇಳಿಯುವುದೇ ಇಲ್ಲ. ಚರ್ಮದ ಮೇಲ್ಪದರದಲ್ಲೇ ಮನೆ ಮಾಡಿಕೊಂಡಿರುತ್ತದೆ. ಹೊಲದ ನಡುವೆ ಅಟ್ಟಣೆಯ ಮೇಲೆ ಕಾವಲುಗಾರ ಕೂತಿದ್ದಾನೆ, ಹಂದಿ ಬದುವಿನಂಚಿನಲ್ಲೇ ಸದ್ದಿಲ್ಲದೆ ಮೇಯುತ್ತಿದೆ ಅಂದುಕೊಳ್ಳಿ. ಕಾವಲುಗಾರನಿಗೆ ಶಕ್ತಿ ಇಲ್ಲವೆಂದಲ್ಲ, ಹಂದಿ ಬಂದದ್ದು ಅವನಿಗೆ ಗೊತ್ತಿಲ್ಲ. ಯಾರಾದರೂ ಆ ಬದುವಿನ ಹತ್ತಿರವೇ ನಿಂತು ಕೂಗು ಹಾಕಬೇಕು. ಸೂಜಿಮದ್ದು ಮಾಡುವುದು ಇಂಥ ಕೆಲಸ.

ದನ ಕಟ್ಟಿದವರಿಗೆ ಇದು ಬೇಗ ಅರ್ಥವಾದೀತು. ಕರುಗಳ ಕುತ್ತಿಗೆ, ಮುಖದ ಮೇಲೆ ನರಹುಲಿ ಗೊಂಚಲಾಗಿ ಎದ್ದಾಗ, ಅದೇ ಕರುವಿನ ನರಹುಲಿಯನ್ನು ಕತ್ತರಿಸಿ, ಅದರಿಂದಲೇ ಲಸಿಕೆ ತಯಾರಿಸಿ ಅದಕ್ಕೇ ಚುಚ್ಚುವ ಪದ್ಧತಿ ಪಶುವೈದ್ಯರಲ್ಲಿದೆ. ಅದೂ ಮೈಯ ಕಾವಲನ್ನು ಎಚ್ಚರಿಸುವ ಉಪಾಯವೇ. ಬಂದ ಮಾತಿಗೆ ಹೇಳುತ್ತೇನೆ: ದನದ ನರಹುಲಿ ಹಾಲು ಕರೆಯುವವರಿಗೆ ಅಂಟುವುದಿಲ್ಲ, ಅದರ ವೈರಸ್ಸೇ ಬೇರೆ. ಆದರೆ ಹಸುವಿನ ಅಥವಾ ಎಮ್ಮೆಯ ಮೊಲೆಯ ಮೇಲೆ ಗುಳ್ಳೆ ಹುಣ್ಣು ಆಗಿದ್ದು, ಆಮೇಲೆ ಕರೆಯುವವರ ಬೆರಳಿನ ಮೇಲೆ ಕೆಂಪು ಗಂಟು ಎದ್ದರೆ ಅದು ಅಂಟಿದ ರೋಗ. ಅದು ನರಹುಲಿಯಲ್ಲ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದನ್ನು ಕೊಯ್ಯಲೂ ಬೇಡಿ, ಸುಡಲೂ ಬೇಡಿ, ವೈದ್ಯರಿಗೆ ತೋರಿಸಿ.

ಈಗ ಸೂಜಿಯ ವಿಚಾರ. ಉಪಯೋಗಿಸುವುದು ‘ಡಿ’ ಜೀವಸತ್ವದ ಡಿ-3 ಎಂಬ ರೂಪ. ಬಿಸಿಲು ಬಿದ್ದಾಗ ನಮ್ಮ ಚರ್ಮದಲ್ಲಿ ಹುಟ್ಟುತ್ತದಲ್ಲ, ಅದೇ. ಮೂಳೆಗೆ ಬೇಕಾದ್ದು ಅಂತ ಎಲ್ಲರೂ ಕೇಳಿದ್ದೀರಿ. ಚರ್ಮದ ಕಣಗಳು ಬೆಳೆಯುವ ವೇಗವನ್ನು ಹದದಲ್ಲಿಡುವುದರಲ್ಲಿಯೂ, ಮೈಯ ಕಾವಲಿನಲ್ಲಿಯೂ ಇದಕ್ಕೆ ಪಾತ್ರವಿದೆ. ಚರ್ಮರೋಗದ ವೈದ್ಯರು ಮೊದಲು ನರಹುಲಿಯ ಬುಡಕ್ಕೆ ಮರಗಟ್ಟಿಸುವ ಮದ್ದನ್ನು ಸ್ವಲ್ಪ ಹಾಕುತ್ತಾರೆ. ಆಮೇಲೆ ಅದೇ ಬುಡಕ್ಕೆ ಜೀವಸತ್ವವನ್ನು ಹಾಕುತ್ತಾರೆ. ತೋಳಿಗಲ್ಲ, ಸೊಂಟಕ್ಕಲ್ಲ, ನರಹುಲಿಯ ಬುಡಕ್ಕೇ. ಪ್ರಮಾಣವೂ ಅತಿ ಸ್ವಲ್ಪ, ಒಂದೊಂದಕ್ಕೆ ಸುಮಾರು ಒಂದು ಮಿಲಿಲೀಟರಿನ ಐದನೆಯ ಒಂದು ಪಾಲು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹೀಗೆ, ಸಾಮಾನ್ಯವಾಗಿ ನಾಲ್ಕು ಸಲದವರೆಗೆ. ಮೈಮೇಲೆ ಇಪ್ಪತ್ತು ನರಹುಲಿ ಇದ್ದರೆ ಇಪ್ಪತ್ತಕ್ಕೂ ಚುಚ್ಚುವುದಿಲ್ಲ, ದೊಡ್ಡವು ಕೆಲವಕ್ಕೆ ಮಾತ್ರ. ಕಾವಲು ಎಚ್ಚರಗೊಂಡರೆ ಸೂಜಿ ತಾಕದ ದೂರದ ನರಹುಲಿಗಳೂ ಒಣಗಿ ಬೀಳುವುದುಂಟು. ಸುಡುವ ಚಿಕಿತ್ಸೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಈ ಚಿಕಿತ್ಸೆಯನ್ನು ಪರೀಕ್ಷಿಸಿದವರಲ್ಲಿ ನಮ್ಮ ನಾಡಿನ ವೈದ್ಯರೂ ಇದ್ದಾರೆ ಎಂಬುದು ಸಂತೋಷದ ಮಾತು. ಮಂಡ್ಯ ಮತ್ತು ಹಾಸನದ ಸರ್ಕಾರಿ ವೈದ್ಯಕೀಯ ಸಂಸ್ಥೆಗಳ ಚರ್ಮರೋಗ ವಿಭಾಗದವರು ತಮ್ಮಲ್ಲಿಗೆ ಬಂದ ರೋಗಿಗಳಿಗೆ ಇದನ್ನು ಕೊಟ್ಟು ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಕಡೆಯೂ ಚಿಕಿತ್ಸೆ ಪೂರೈಸಿದ ನಾಲ್ವರಲ್ಲಿ ಮೂವರಿಗಿಂತ ಹೆಚ್ಚಿನವರಿಗೆ ನರಹುಲಿ ಪೂರ್ತಿ ಹೋಯಿತು ಎಂದು ಕಂಡುಬಂತು. ಇದು ಒಳ್ಳೆಯ ಫಲವೇ. ಆದರೆ ಮೇಲೆ ಹೇಳಿದ್ದು ನೆನಪಿದೆಯಲ್ಲ, ಕೆಲವು ತಾವಾಗಿಯೇ ಹೋಗುತ್ತವೆ. ಹೊಸ ಗೊಬ್ಬರ ಹಾಕಿದ ಹೊಲದಲ್ಲಿ ಹತ್ತು ಮೂಟೆ ಬಂತು ಎಂದ ಮಾತ್ರಕ್ಕೆ ಗೊಬ್ಬರವೇ ಕಾರಣ ಎನ್ನುವಿರಾ? ಪಕ್ಕದಲ್ಲಿ ಗೊಬ್ಬರ ಹಾಕದ ಪಟ್ಟಿ ಬಿಟ್ಟು, ಎರಡನ್ನೂ ತೂಗಿ ನೋಡಬೇಕು. ಆ ಎರಡು ಪರೀಕ್ಷೆಗಳಲ್ಲಿ ಹಾಗೆ ಬಿಟ್ಟ ಪಟ್ಟಿ ಇರಲಿಲ್ಲ. ಬೇರೆ ಕಡೆಗಳಲ್ಲಿ ಬರಿಯ ಉಪ್ಪುನೀರಿನ ಸೂಜಿಯೊಡನೆ ಹೋಲಿಸಿ ನೋಡಿದ ಪರೀಕ್ಷೆಗಳೂ ನಡೆದಿವೆ. ಅಲ್ಲಿಯೂ ಜೀವಸತ್ವದ ಸೂಜಿಯೇ ಮೇಲಾಗಿ ಕಂಡಿದೆ. ಪರೀಕ್ಷೆಗಳು ಚಿಕ್ಕವು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹಠಮಾರಿ ನರಹುಲಿಗೆ ಇದು ನಂಬತಕ್ಕ ಚಿಕಿತ್ಸೆ, ಆದರೆ ಎಲ್ಲರಿಗೂ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅಂಥವರಿಂದ ದೂರವಿರಿ.

ಇನ್ನು ಅಳತೆಯ ಮಾತು. ಇದನ್ನು ಮನೆಯವರೆಲ್ಲ ಕೇಳಿಸಿಕೊಳ್ಳಬೇಕು. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾಗುವ ‘ಡಿ’ ಜೀವಸತ್ವ 600 ಯೂನಿಟ್ಟು. ನರಹುಲಿಗೆ ಬಳಸುವ ಸೂಜಿಮದ್ದಿನ ಒಂದು ಮಿಲಿಲೀಟರಿನಲ್ಲಿ ಇರುವುದು 6 ಲಕ್ಷ ಯೂನಿಟ್ಟು. ಭಾಗಿಸಿ ನೋಡಿ, ಸಾವಿರ ದಿನಕ್ಕೆ, ಅಂದರೆ ಹತ್ತಿರ ಹತ್ತಿರ ಎರಡು ಮುಕ್ಕಾಲು ವರ್ಷಕ್ಕೆ ಆಗುವಷ್ಟು! ‘ಬಿ’, ‘ಸಿ’ ಜೀವಸತ್ವಗಳು ನೀರಿನಲ್ಲಿ ಕರಗುವಂಥವು, ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ‘ಡಿ’ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ಮಿತಿ ಮೀರಿ ಸೇರಿದರೆ ರಕ್ತದಲ್ಲಿ ಸುಣ್ಣದ ಅಂಶ ಏರುತ್ತದೆ. ಆಗ ಹಸಿವು ಹೋಗುತ್ತದೆ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ನಿಶ್ಶಕ್ತಿ ಬರುತ್ತವೆ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು, ಮೂತ್ರಪಿಂಡವೇ ಕೆಡಬಹುದು. ಊರಿಗೆ ಬಂದು ಯಾರೋ ‘ನರಹುಲಿಗೆ ವಿಟಮಿನ್ ತಾನೆ, ಸೊಂಟಕ್ಕೇ ಹಾಕುತ್ತೇನೆ, ವಾರಕ್ಕೊಂದು’ ಎಂದರೆ ಒಪ್ಪಬೇಡಿ. ಸೊಂಟಕ್ಕೆ ಹಾಕಿದ್ದು ನರಹುಲಿಯ ಕಡೆಗೆ ಕಾವಲನ್ನು ಕರೆಯುವುದಿಲ್ಲ, ಮೈಯಲ್ಲಿ ಮಾತ್ರ ಶೇಖರವಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಅಂಗಡಿಯಿಂದ ತಂದು ಮನೆಯಲ್ಲಿ ಚುಚ್ಚಿಕೊಳ್ಳುವುದೂ ಇಂಥದೇ ಸಾಹಸ.

ಈಗ ಎಷ್ಟೋ ಮನೆಗಳಲ್ಲಿ ಮೈಕೈ ನೋವಿಗೆಂದು ವಾರಕ್ಕೊಮ್ಮೆ ಹಾಲಿಗೆ ಕಲಸಿ ಕುಡಿಯುವ ‘ಡಿ’ ಜೀವಸತ್ವದ ಪುಡಿ, ಇಲ್ಲವೆ ಅದರ ಗುಳಿಗೆ ಇರುತ್ತದೆ. ಒಂದೊಂದರಲ್ಲಿ 60 ಸಾವಿರ ಯೂನಿಟ್ಟು. ಅದನ್ನು ತೆಗೆದುಕೊಳ್ಳುತ್ತಿದ್ದರೆ ಸೂಜಿಗೆ ಮುಂಚೆ ವೈದ್ಯರಿಗೆ ತಪ್ಪದೆ ಹೇಳಿ. ಗರ್ಭಿಣಿಯರು, ಎಳೆಮಕ್ಕಳಿಗೆ ಹಾಲು ಕೊಡುವ ತಾಯಂದಿರು, ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲಿನ ತೊಂದರೆ ಇದ್ದವರು, ಇವರಿಗೆ ಸಾಮಾನ್ಯವಾಗಿ ಈ ಸೂಜಿ ಕೊಡುವುದಿಲ್ಲ. ಚಿಕ್ಕ ಮಕ್ಕಳಿಗೂ ಬೇಡ. ನೋವೂ ಹೆಚ್ಚು, ಅವರ ನರಹುಲಿ ತಾನಾಗಿ ಹೋಗುವ ಸಂಭವವೂ ಹೆಚ್ಚು.

ನೋವಾಗುತ್ತದೆಯೇ? ಆಗುತ್ತದೆ, ಮುಚ್ಚಿಡುವುದೇಕೆ. ಅಂಗೈ, ಅಂಗಾಲಿನ ಚರ್ಮ ಬಿಗಿಯಾಗಿರುವುದರಿಂದ ಅಲ್ಲಿ ಹೆಚ್ಚು ನೋವು. ಮರಗಟ್ಟಿಸುವ ಮದ್ದಿನಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎರಡು ಮೂರು ದಿನ ಊತ, ಕೆಂಪು ಇರಬಹುದು. ಕಾಲಿಗೆ ಚುಚ್ಚಿಸಿಕೊಂಡವರು ಆ ದಿನಗಳಲ್ಲಿ ಬರಿಗಾಲಲ್ಲಿ ಕೊಟ್ಟಿಗೆಗೆ, ಕೆಸರುಗದ್ದೆಗೆ ಇಳಿಯಬಾರದು. ಊತ ದಿನದಿಂದ ದಿನಕ್ಕೆ ಏರಿ ಜ್ವರ ಬಂದರೆ, ಕೀವು ಕಂಡರೆ, ಕೂಡಲೆ ತೋರಿಸಬೇಕು.

ಹಾಗಾದರೆ ನರಹುಲಿ ಕಂಡವರೆಲ್ಲ ಸೂಜಿಗೆ ಓಡಬೇಕೇ? ಬೇಡ. ಹೊಸದು, ಒಂದೆರಡೇ, ನೋವಿಲ್ಲ ಎಂದಾದರೆ ಸ್ವಲ್ಪ ಕಾಲ ಕಾಯಬಹುದು. ಕಾಯಲು ಮನಸ್ಸಿಲ್ಲದವರಿಗೆ ಸ್ಯಾಲಿಸಿಲಿಕ್ ಆಮ್ಲದ ಮದ್ದು ಮೊದಲ ದಾರಿ. ಇದಕ್ಕಿರುವ ಆಧಾರ ಸೂಜಿಗಿರುವುದಕ್ಕಿಂತ ಹಳೆಯದು, ಗಟ್ಟಿಯಾದದ್ದು. ರಾತ್ರಿ ಮಲಗುವ ಮುಂಚೆ ಕೈಯನ್ನೋ ಕಾಲನ್ನೋ ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲ್ಪದರವನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್ ಸವರಿ, ನರಹುಲಿಯ ಮೇಲೆ ಮಾತ್ರ ಮದ್ದು ಹಚ್ಚಬೇಕು. ಒಂದು ವಾರಕ್ಕೆ ಬಿಟ್ಟರೆ ಪ್ರಯೋಜನವಿಲ್ಲ, ಮೂರು ತಿಂಗಳು ಬಿಡದೆ ಹಚ್ಚಬೇಕು. ಬಹಳ ಮಂದಿ ಸೋಲುವುದು ಮದ್ದಿನಲ್ಲಲ್ಲ, ಈ ಮೂರು ತಿಂಗಳಲ್ಲಿ. ಮುಖಕ್ಕೆ ಇದನ್ನು ಹಚ್ಚಬಾರದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಕಾಲಿಗೆ ಹಚ್ಚಬಾರದು. ಉಜ್ಜಿದ ಕಲ್ಲನ್ನು ಮನೆಯ ಬೇರೆಯವರು ಮುಟ್ಟಬಾರದು, ಮುಟ್ಟಿದರೆ ನರಹುಲಿಯನ್ನು ಹಂಚಿಕೊಂಡ ಹಾಗೆ.

ಆಸ್ಪತ್ರೆಯಲ್ಲಿ ಶೀತದಿಂದ ಸುಡುವ ಕ್ರಮವೂ ಇದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ಕಡ್ಡಿಗಳನ್ನು ಹೊಗೆಯಾಡುವ ಪಾತ್ರೆಯಲ್ಲಿ ಇಟ್ಟಿರುತ್ತಾರಲ್ಲ, ಅದೇ ದ್ರವ ಸಾರಜನಕ ಇಲ್ಲಿಯೂ ಬರುತ್ತದೆ. ಅದನ್ನು ಬೇಡಿ ತಂದು ಮನೆಯಲ್ಲಿ ಹಚ್ಚಿಕೊಳ್ಳುವ ಯೋಚನೆ ಮಾತ್ರ ಬೇಡ, ಚರ್ಮದ ಕೆಳಗಿನ ಮಾಂಸವೂ ಸಾಯುತ್ತದೆ. ಮದ್ದಿಗೂ ಶೀತಕ್ಕೂ ಬಗ್ಗದ, ಹೋದರೂ ಮತ್ತೆ ಏಳುವ, ಹಲವು ಕಡೆ ಹರಡಿದ ನರಹುಲಿಗೆ ಸೂಜಿ ಎಂದು ತಿಳಿಯಿರಿ.

ಎಲ್ಲಕ್ಕಿಂತ ಮೊದಲು, ಅದು ನರಹುಲಿಯೇ ಎಂಬುದು ಖಚಿತವಾಗಬೇಕು. ಅಂಗಾಲಿನಲ್ಲಿ ಆಣಿಯೂ ಆಗುತ್ತದೆ. ಅದು ಒತ್ತಡದಿಂದ ಚರ್ಮ ಗಟ್ಟಿಯಾದದ್ದು, ವೈರಸ್ ಇಲ್ಲ, ಅದಕ್ಕೆ ಈ ಸೂಜಿ ವ್ಯರ್ಥ. ಮೇಲಿನಿಂದ ನೇರ ಒತ್ತಿದಾಗ ಹೆಚ್ಚು ನೋಯುವುದು ಸಾಮಾನ್ಯವಾಗಿ ಆಣಿ, ಎರಡು ಪಕ್ಕದಿಂದ ಹಿಂಡಿದಾಗ ಹೆಚ್ಚು ನೋಯುವುದು ನರಹುಲಿ. ಆಣಿಯ ಮೇಲೆ ಚರ್ಮದ ಗೆರೆಗಳು ಹಾಯ್ದು ಹೋಗುತ್ತವೆ, ನರಹುಲಿಯ ಹತ್ತಿರ ಬಂದು ನಿಂತುಬಿಡುತ್ತವೆ. ಅಂಗಾಲಿನಲ್ಲೋ ಉಗುರಿನ ಕೆಳಗೋ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದರೆ, ವಯಸ್ಸಾದವರಲ್ಲಿ ಗಂಟು ಬೇಗ ಬೇಗ ಬೆಳೆದು ರಕ್ತ ಸೋರುತ್ತಿದ್ದರೆ, ಮಾಯದ ಹುಣ್ಣಾಗಿದ್ದರೆ, ಅದು ಕ್ಯಾನ್ಸರ್ ಇರಬಹುದು, ತಡಮಾಡದೆ ತೋರಿಸಿ. ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ.

ಜಿಲ್ಲಾ ಆಸ್ಪತ್ರೆಗೋ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ಚರ್ಮರೋಗ ವಿಭಾಗ ಎಲ್ಲಿ ಎಂದು ಕೇಳಿ. ಹೋಗುವಾಗ ಹಿಂದೆ ಹಚ್ಚಿದ ಮದ್ದಿನ ಡಬ್ಬಿ, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ, ಹಳೆಯ ಚೀಟಿಗಳು ಕೈಯಲ್ಲಿರಲಿ. ಅಂಗಾಲಿಗೆ ಸೂಜಿ ಬೇಕಾದೀತು ಎಂದು ಕಂಡರೆ ನಾಟಿ ಶುರುವಾಗುವ ವಾರ ಹೋಗಬೇಡಿ. ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ಆರಂಭಿಸಿದರೆ, ಎರಡು ಮೂರು ತಿಂಗಳ ನಾಲ್ಕು ಸುತ್ತುಗಳೂ ಮುಂಗಾರಿಗೆ ಮೊದಲೇ ಮುಗಿಯುತ್ತವೆ.